ಕಾಲಲ್ಲಿ ಯಾರೂ ಮುದ್ದೆ ಕಟ್ಟುವುದಿಲ್ಲ: ಒಂದು ಪ್ರಕರಣ ಅಧ್ಯಯನ

“ಮುದ್ದೆ ಕಟ್ಟಿ ಕಟ್ಟಿ ಕೈ ಹಿಂಗಾಗ್ಬುಡ್ತು ಕಣಿ ಮೇಡಂ” ಎಂದು ಅವರು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟರು. ಮದುವೆ, ಬೀಗರ ಔತಣ, ತಿಥಿ ಎಂದು ಮಂಡ್ಯ ಜಿಲ್ಲೆಯ ಊರೂರು ತಿರುಗುವ ಅಡುಗೆ ತಂಡದಲ್ಲಿ ಅವರದು ಮುದ್ದೆ ಕೆಲಸ. ಕೊಪ್ಪರಿಗೆಯಿಂದ ಇಳಿದ ಸುಡುಸುಡು ಹಿಟ್ಟನ್ನು ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಉರುಳಿಸುವವರು. ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆಗಳು. ಒಂದೊಂದೂ ಕಡಲೆಕಾಳಿನಷ್ಟು, ಅಂಚಿನಲ್ಲಿ ಸಿಪ್ಪೆ ಎದ್ದು ತೆಳು ಬಳೆಯ ಹಾಗೆ ಕೂತಿತ್ತು. ತುರಿಕೆ ಇಲ್ಲ. ಅವರು ಕೊಟ್ಟ ಕಾರಣ ಒಪ್ಪುವಂತೆಯೇ ಇತ್ತು. ಚಪ್ಪಲಿ ಬಿಡಿ ಎಂದೆ. ಅಂಗಾಲಲ್ಲೂ ಅವೇ ಚುಕ್ಕೆಗಳು. ಕಾಲಲ್ಲಿ ಯಾರೂ ಮುದ್ದೆ ಕಟ್ಟುವುದಿಲ್ಲ.

ನಾನು ಮೈಸೂರಿನಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವಯಸ್ಸು, ಊರು, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮುದ್ದೆಯನ್ನು ಮಾತ್ರ ಬದಲಿಸಬೇಡಿ ಎಂದು ಅವರೇ ಹೇಳಿದರು.

ವಯಸ್ಸು 36. ಮದುವೆಯಾಗಿದೆ, ಹೆಂಡತಿ ಏಳು ತಿಂಗಳ ಬಸುರಿ. ಮಂಡ್ಯದಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆ ಇದ್ದರೂ 45 ಕಿಲೋಮೀಟರ್ ದಾಟಿ ಮೈಸೂರಿಗೆ ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ. ನಮ್ಮ ಕ್ಲಿನಿಕ್ಕಿಗೆ ಬರುವ ಮುಕ್ಕಾಲು ಪಾಲು ಜನ ಪಕ್ಕದ ಜಿಲ್ಲೆಯವರು; ಮೈಸೂರಿನವರು ಇದೇ ಕಾರಣಕ್ಕೆ ಮಂಡ್ಯಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಇಂಥ ಕಾಯಿಲೆಗೆ ಪರಿಚಯದವರು ಸಿಗದ ಊರೇ ಒಳ್ಳೆಯ ಊರು.

ಕೈಯ ಚುಕ್ಕೆಗೆ ಎರಡು ತಿಂಗಳು. ಅದಕ್ಕೂ ಮೊದಲಿನಿಂದ ಮೈ ಇಳಿಯುತ್ತಿತ್ತು, 57 ಕೆಜಿ ಇದ್ದವರು 45ಕ್ಕೆ ಬಂದಿದ್ದರು. ಸಂಜೆ ಹೊತ್ತಿಗೆ ಮೈ ಬೆಚ್ಚಗೆ. ಖಾರ ತಿಂದರೆ ನಾಲಿಗೆ ಉರಿ, ಹಾಗಾಗಿ ಸಾರಿನ ರುಚಿ ನೋಡುವುದನ್ನೇ ಬಿಟ್ಟಿದ್ದರು. ಕಿವಿಯ ಮೇಲಿನ ಕೂದಲು ತೇಪೆ ತೇಪೆಯಾಗಿ ಉದುರಿತ್ತು. “ಹುಳ ತಿಂದಂಗೈತಲ್ಲ” ಎಂದು ಕ್ಷೌರದವನು ಹೇಳಿದನಂತೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ ರೋಗದಲ್ಲಿ ಹೀಗೆ ಉದುರುವುದನ್ನು ವೈದ್ಯರ ಪುಸ್ತಕಗಳೂ ಹುಳ ತಿಂದ ಹಾಗೆ ಎಂದೇ ವರ್ಣಿಸುತ್ತವೆ. ಮೂರು ಕಡೆ ವೈದ್ಯರಿಗೆ ತೋರಿಸಿಕೊಂಡಿದ್ದರೂ ರೋಗವನ್ನು ಮೊದಲು ಸರಿಯಾಗಿ ಬಣ್ಣಿಸಿದವನು ಆ ಕ್ಷೌರದವನೇ.

ಆ ಮೂರು ಕಡೆಯ ಚೀಟಿಗಳೂ ಒಂದು ಬೇಕರಿಯ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಮೊದಲನೆಯದರಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮು. ಎರಡನೆಯದರಲ್ಲಿ ಅಲರ್ಜಿ ಮಾತ್ರೆ. ಮೂರನೆಯವರು ಸಿಫಿಲಿಸ್ ಇರಬಹುದೆಂದು ಆರ್‌ಪಿಆರ್ ಎಂಬ ರಕ್ತಪರೀಕ್ಷೆ ಬರೆದಿದ್ದರು. ಅನುಮಾನ ಸರಿಯಾಗಿತ್ತು, ಆದರೆ ರಿಪೋರ್ಟ್ ‘ನಾನ್ ರಿಯಾಕ್ಟಿವ್’, ಅಂದರೆ ರೋಗವಿಲ್ಲ ಎಂದು ಬಂತು, ಅನುಮಾನವನ್ನು ಅಲ್ಲಿಗೇ ಬಿಟ್ಟರು. ಎಚ್‌ಐವಿ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ. ಮದುವೆಯಾದ, ಬಸುರಿ ಹೆಂಡತಿಯಿರುವ, ಹಣೆಗೆ ವಿಭೂತಿ ಇಟ್ಟ ಮನುಷ್ಯನನ್ನು ನೋಡಿದರೆ ಆ ಪರೀಕ್ಷೆ ಬರೆಯಲು ನಮ್ಮವರ ಪೆನ್ನು ಓಡುವುದಿಲ್ಲ.

ನಾನು ಕೇಳಿದೆ. ಬಿಪಿ ಇದೆಯಾ, ಶುಗರ್ ಇದೆಯಾ ಎಂದು ಕೇಳುವ ದನಿಯಲ್ಲೇ ಕೇಳಬೇಕು, ಅದೊಂದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಮನೆಯವರನ್ನು ಬಿಟ್ಟು ಬೇರೆ ಯಾರ ಜೊತೆಗಾದರೂ ಸಂಬಂಧ ಇದೆಯಾ ಅಂದೆ. “ಅಂತವೇನ್ ಇಲ್ಲ ಬುಡಿ.” ಪ್ರಶ್ನೆಯನ್ನು ಬಿಡಿಸಿ ಕೇಳಿದೆ: ಹೆಂಗಸರ ಜೊತೆ, ಗಂಡಸರ ಜೊತೆ, ಇಬ್ಬರ ಜೊತೆ? ಅವರು ಸ್ವಲ್ಪ ಹೊತ್ತು ಕೈಗಳನ್ನೇ ನೋಡುತ್ತಿದ್ದರು.

“ಗಂಡಸರ ಜೊತೆ ಅನ್ನೋದೂ ಲೆಕ್ಕುಕ್ ಬತ್ತದಾ ಮೇಡಂ?”

ಅವರ ಪಾಲಿಗೆ ‘ಸಂಬಂಧ’ ಎಂದರೆ ಹೆಂಗಸಿನ ಜೊತೆಗಿನದು. ಅಡುಗೆಯವರು ಛತ್ರದಲ್ಲಿ ರಾತ್ರಿ ಉಳಿದಾಗ ನಡೆಯುವುದಕ್ಕೆ ಅವರ ಬಳಿ ಹೆಸರೇ ಇರಲಿಲ್ಲ. ಹಾಗಾಗಿ ನನ್ನ ಮೊದಲ ಪ್ರಶ್ನೆಗೆ ಅವರು ಸುಳ್ಳು ಹೇಳಿರಲೂ ಇಲ್ಲ. ಕಾಂಡೋಮ್? ಅದು ಮಕ್ಕಳಾಗದಿರಲಿ ಅಂತ ಅಲ್ಲವಾ ಎಂದರು.

ಇದಾದ ಮೇಲೆ ಪೂರ್ತಿ ಪರೀಕ್ಷೆಗೆ ಒಪ್ಪಿದರು. ನಾಲಿಗೆಯಲ್ಲೂ ಅಂಗುಳದಲ್ಲೂ ಮೊಸರಿನ ಕೆನೆಯಂಥ ಬಿಳಿ ಪದರ, ಚಮಚದಿಂದ ಕೆರೆದರೆ ಎದ್ದು ಬಂದು ಕೆಳಗೆ ಕೆಂಪು ಕಾಣುತ್ತಿತ್ತು: ಕ್ಯಾಂಡಿಡಾ ಫಂಗಸ್. ಅಂಗೈಯ ಒಂದು ಚುಕ್ಕೆಯನ್ನು ಬೆಂಕಿಕಡ್ಡಿಯ ತಲೆಯಿಂದ ಒತ್ತಿದಾಗ, ಬಿಸಿ ಹಿಟ್ಟಿಗೆ ಹೆದರದ ಆ ಕೈ ಥಟ್ಟನೆ ಹಿಂದೆ ಹೋಯಿತು. ಸಿಫಿಲಿಸ್‌ನ ಚುಕ್ಕೆ ಸುಮ್ಮನೆ ಮುಟ್ಟಿದರೆ ನೋಯುವುದಿಲ್ಲ, ಮೊಂಡು ತುದಿಯಿಂದ ಒತ್ತಿದರೆ ನೋಯುತ್ತದೆ. ಹಳೆಯ ಗುರುತು, ಖರ್ಚಿಲ್ಲದ್ದು. ಇನ್ನು ‘ಮೂಲವ್ಯಾಧಿ’ ಎಂದು ನಾಟಿ ಔಷಧವನ್ನೂ ತಿನ್ನುತ್ತಿದ್ದರು, ಆ ಜಾಗವನ್ನು ಯಾರೂ ನೋಡಿಯೇ ಇರಲಿಲ್ಲ. ಅಲ್ಲಿದ್ದದ್ದು ಮೂಲವ್ಯಾಧಿಯಲ್ಲ. ಚಪ್ಪಟೆಯಾದ, ಒದ್ದೆಯಾದ, ಬೂದು ಬಿಳಿಯ ಗಂಟುಗಳು. ಸಿಫಿಲಿಸ್‌ನ ಎರಡನೇ ಹಂತದಲ್ಲಿ ಬರುವ ಕಾಂಡಿಲೋಮಾ ಲೇಟಾ. ರೋಗಾಣು ಅತಿ ಹೆಚ್ಚಾಗಿ ತುಂಬಿಕೊಂಡು, ಸುಲಭವಾಗಿ ಅಂಟುವ ಜಾಗವೇ ಇದು. ಮೂವರು ವೈದ್ಯರಲ್ಲಿ ಒಬ್ಬರಾದರೂ ಪರದೆ ಎಳೆದು ಬಟ್ಟೆ ಸರಿಸಿ ನೋಡಿದ್ದರೆ ರಕ್ತಪರೀಕ್ಷೆಗೂ ಕಾಯಬೇಕಿರಲಿಲ್ಲ. ನಮ್ಮ ಓಪಿಡಿಗಳಲ್ಲಿ ಪರದೆಯೇ ಇರುವುದಿಲ್ಲ ಎನ್ನುವುದು ಬೇರೆ ಮಾತು.

ಮೊಣಕೈ ಒಳಬದಿಯಲ್ಲಿ ರಬ್ಬರಿನಂಥ ಸಣ್ಣ ಗ್ರಂಥಿಗಳು ಸಿಕ್ಕವು; ಅವು ಸಿಫಿಲಿಸ್‌ಗೆ ಹೊಂದುತ್ತವೆ. ಆದರೆ ಕತ್ತಿನ ಎಡಗಡೆ ಮೂರ್ನಾಲ್ಕು ಗ್ರಂಥಿಗಳು ಒಂದಕ್ಕೊಂದು ಅಂಟಿಕೊಂಡು ನಿಂಬೆಹಣ್ಣಿನಷ್ಟಾಗಿದ್ದವು. ಅದು ಸಿಫಿಲಿಸ್‌ನ ರೀತಿಯಲ್ಲ. ಕಾಲೇಜಿನಲ್ಲಿ ನಮಗೆ ಕಲಿಸುವುದು, ಎಲ್ಲ ಲಕ್ಷಣಗಳಿಗೂ ಒಂದೇ ರೋಗವನ್ನು ಹುಡುಕು ಎಂದು. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಆ ಪಾಠ ಕೈಕೊಡುತ್ತದೆ. ಬೇಲಿ ಮುರಿದ ಹೊಲಕ್ಕೆ ಒಂದೇ ದನ ನುಗ್ಗುವುದಿಲ್ಲ.

ಎಚ್‌ಐವಿ ಪರೀಕ್ಷೆ ಬೇರೆ ಬೇರೆ ಕಿಟ್‌ಗಳಲ್ಲಿ ಪಾಸಿಟಿವ್ ಬಂತು. ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಎಣಿಕೆ 112, ತೀರಾ ಕಡಿಮೆ. ಆದರೆ ನಮ್ಮ ಲ್ಯಾಬಿನ ಆರ್‌ಪಿಆರ್ ಕೂಡ ಮೊದಲು ‘ನಾನ್ ರಿಯಾಕ್ಟಿವ್’ ಎಂದೇ ಬಂತು. ರಿಪೋರ್ಟ್ ಹಿಡಿದು ನಾನೇ ಕೆಳಗಿಳಿದು ಹೋದೆ. ಟೆಕ್ನಿಷಿಯನ್ ಕಾರ್ಡ್ ತೋರಿಸಿದರು. ಬಿಳಿ ಕಾರ್ಡಿನ ವೃತ್ತದೊಳಗೆ ಕರಿ ಕಾರ್ಬನ್ ಕಣಗಳು ಗಂಟಾಗದೆ ಹರಡಿದ್ದವು, ಅಂದರೆ ರೋಗವಿಲ್ಲ ಎಂದರ್ಥ. “ಸ್ವಲ್ಪ ಒರಟಾಗಿ ಕಾಣ್ತಿದೆ, ಅಷ್ಟೇ” ಅಂದರು. ರಕ್ತದ ತಿಳಿಯಾದ ಸೀರಂ ಅನ್ನು ಸಲೈನಿನಲ್ಲಿ ತೆಳುವಾಗಿಸಿ ಮತ್ತೆ ಮಾಡಿ ಎಂದು ಕೇಳಿಕೊಂಡೆ. 1:2ರಲ್ಲಿ, ಅಂದರೆ ಅರ್ಧಕ್ಕೆ ತೆಳುವಾಗಿಸಿದಾಗ, ಏನಿಲ್ಲ. 1:4ರಲ್ಲಿ ಅನುಮಾನ. 1:8ರ ವೃತ್ತವನ್ನು ಓಲಾಡಿಸುತ್ತಿದ್ದಂತೆ ಕರಿ ಕಣಗಳು ಒಂದನ್ನೊಂದು ಹಿಡಿದು ದಪ್ಪ ದಪ್ಪ ಗಂಟಾದವು. ಆ ಗಂಟುಗಳು 1:256ರವರೆಗೂ ಹೋದವು. ಸಿಫಿಲಿಸ್ ಅನ್ನು ಖಚಿತಪಡಿಸುವ ಟಿಪಿಎಚ್‌ಎ ಪರೀಕ್ಷೆಯೂ ಪಾಸಿಟಿವ್.

ಇದನ್ನು ಪ್ರೋಝೋನ್ ಎನ್ನುತ್ತಾರೆ. ಆರ್‌ಪಿಆರ್‌ನಲ್ಲಿ ಗಂಟು ಕಟ್ಟಬೇಕಾದರೆ, ಸೋಂಕಾದಾಗ ದೇಹ ತಯಾರಿಸುವ ಒಂದು ಪ್ರತಿಕಾಯ ಎರಡು ಕಣಗಳನ್ನು ಹಿಡಿದು ಸೇತುವೆಯಾಗಬೇಕು. ಪ್ರತಿಕಾಯಗಳು ವಿಪರೀತವಾದರೆ ಪ್ರತಿ ಕಣದ ಸುತ್ತಲೂ ಅವೇ ಮುತ್ತಿಕೊಂಡು ಸೇತುವೆಗೆ ಜಾಗವೇ ಉಳಿಯುವುದಿಲ್ಲ. ರೋಗ ಕಡಿಮೆ ಇದ್ದು ಬಂದ ‘ಇಲ್ಲ’ ಅಲ್ಲ ಅದು, ಪ್ರತಿಕಾಯ ಹೆಚ್ಚಾಗಿ ಬಂದ ‘ಇಲ್ಲ’. ಆಮೇಲೆ ರೋಗಿಗೆ ನಾನಿದನ್ನು ಹೇಳಿದ್ದು ಹೀಗೆ: ಹಿಟ್ಟಿಗೆ ನೀರು ಹದವಾಗಿದ್ದರೆ ಮುದ್ದೆ, ಮಿತಿಮೀರಿದರೆ ಅಂಬಲಿ, ಉಂಡೆಯಾಗಲಿಲ್ಲವೆಂದರೆ ರಾಗಿಯೇ ಇಲ್ಲವೆಂದಲ್ಲ. ತೆಳುವಾಗಿಸಿ ಗಂಟು ಕಟ್ಟಿಸುವ ನಮ್ಮ ಲ್ಯಾಬಿನ ಅಡುಗೆಗೆ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಅವರಿಗೆ ಮಾತ್ರ ಸಟ್ಟನೆ ಅರ್ಥವಾಯಿತು. ಎರಡನೇ ಹಂತದ ಸಿಫಿಲಿಸ್‌ನಲ್ಲಿ, ಅದರಲ್ಲೂ ಎಚ್‌ಐವಿ ಇದ್ದವರಲ್ಲಿ ಮತ್ತು ಬಸುರಿಯರಲ್ಲಿ ಇದು ಆಗುತ್ತದೆ. ಅಂಗೈ ಹೌದೆಂದು ರಿಪೋರ್ಟ್ ಇಲ್ಲವೆಂದರೆ ನಾನು ಅಂಗೈಯನ್ನು ನಂಬುತ್ತೇನೆ, ಲ್ಯಾಬಿಗೆ ಫೋನ್ ಮಾಡುತ್ತೇನೆ. ಫಾರಂನಲ್ಲಿ ‘ಸಿಫಿಲಿಸ್ ಅನುಮಾನ, ತೆಳುವಾಗಿಸಿ ನೋಡಿ’ ಎಂದು ಒಂದು ಸಾಲು ಬರೆದರೂ ಸಾಕು.

ಕತ್ತಿನ ಗಂಟಿಗೆ ಸೂಜಿ ಹಾಕಿ ತೆಗೆದ ಕೀವನ್ನು ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದೆವು. ಕ್ಷಯ ಇತ್ತು, ಅದರ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವಂಥದ್ದು. ಎದೆಯ ಎಕ್ಸ್‌ರೇ ಸ್ವಚ್ಛ. ಮೆದುಳಿಗೆ ಹೋಗುವ ಕ್ರಿಪ್ಟೋಕಾಕಸ್ ಫಂಗಸ್ ಇಲ್ಲವೆಂದು ರಕ್ತದ ಆಂಟಿಜೆನ್ ಪರೀಕ್ಷೆಯಲ್ಲಿ ಖಚಿತವಾಯಿತು. ಹೆಪಟೈಟಿಸ್ ಬಿ, ಸಿ ಇಲ್ಲ. ಸಿಫಿಲಿಸ್ ಕಣ್ಣಿಗೂ ಕಿವಿಗೂ ಇಳಿಯಬಹುದಾದ್ದರಿಂದ ಅವೆರಡನ್ನೂ ತೋರಿಸಿದೆವು, ತೊಂದರೆ ಇರಲಿಲ್ಲ. ತಲೆನೋವು, ನರದ ಲಕ್ಷಣ ಯಾವುದೂ ಇಲ್ಲದ್ದರಿಂದ ಬೆನ್ನಿನ ನೀರು ತೆಗೆಯಲಿಲ್ಲ.

ಲೈಂಗಿಕ ರೋಗಗಳಿಗಾಗಿ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣಬಣ್ಣದ ಔಷಧದ ಕಿಟ್‌ಗಳಿರುತ್ತವೆ. ಹುಣ್ಣಿಗೆ ಬಿಳಿ ಕಿಟ್, ಪೆನ್ಸಿಲಿನ್ ಆಗದವರಿಗೆ ನೀಲಿ, ಗುಳ್ಳೆ ಹುಣ್ಣಿಗೆ ಕೆಂಪು, ಹೀಗೆ. ಲ್ಯಾಬ್ ಇಲ್ಲದ ಕಡೆ ರೋಗಿ ವಾಪಸ್ ಹೋಗುವ ಮೊದಲೇ ಚಿಕಿತ್ಸೆ ಕೊಡಲು ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ಅದು ಶುರುವಾಗುವುದು ರೋಗಿಯ ದೂರಿನಿಂದ. ಸ್ರಾವ, ಹುಣ್ಣು, ಬಾವು ಎಂದು ಬಾಯಿಬಿಟ್ಟು ಹೇಳಬೇಕು. ಅಂಗೈ ಚುಕ್ಕೆ ಎಂದು ಬಂದ ಇವರಿಗೆ ಯಾವ ಬಣ್ಣವೂ ಇರಲಿಲ್ಲ.

ಚಿಕಿತ್ಸೆಯ ಮೊದಲ ದಿನ ಬೆಂಜಥೈನ್ ಪೆನ್ಸಿಲಿನ್, 24 ಲಕ್ಷ ಯೂನಿಟ್, ಎರಡು ಪಾಲು ಮಾಡಿ ಎರಡೂ ಕುಂಡಿಗೆ. ಈ ಹಂತದಲ್ಲಿ ಒಂದೇ ಸಲ ಸಾಕು, ಎಚ್‌ಐವಿ ಇದ್ದರೂ ಅಷ್ಟೇ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಇಂಜೆಕ್ಷನ್ ಆದ ಮೇಲೆ ಸತ್ತ ರೋಗಾಣುಗಳ ಚೂರುಗಳಿಂದ 24 ಗಂಟೆಯೊಳಗೆ ಚಳಿಜ್ವರ, ಮೈಕೈ ನೋವು ಬರುವುದುಂಟು, ಅದು ಅಲರ್ಜಿಯಲ್ಲ. “ಜ್ವರ ಬರಬಹುದು” ಎಂದಷ್ಟೇ ಹೇಳಿ ಕಳಿಸಿದೆ, ಚೀಟಿಯಲ್ಲಿ ಬರೆಯಲಿಲ್ಲ. ರಾತ್ರಿ ಹನ್ನೊಂದಕ್ಕೆ ಗಡಗಡ ನಡುಗುತ್ತ ಅವರು ಊರಿನ ಹತ್ತಿರದ ಒಂದು ಚಿಕ್ಕ ಕ್ಲಿನಿಕ್ಕಿಗೆ ಹೋದರು. ಅಲ್ಲಿನವರು ಕಡತದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದರು: ಪೆನ್ಸಿಲಿನ್ ಅಲರ್ಜಿ.

ಆ ಕೆಂಪು ಶಾಯಿಯ ಕತೆ ಮುಂದೆ ಬರುತ್ತದೆ.

ಕ್ಷಯಕ್ಕೆ ನಾಲ್ಕು ಔಷಧ ಸೇರಿದ ಮಾತ್ರೆ ತಕ್ಷಣ ಶುರು. ಬಾಯಿಗೆ ಫ್ಲುಕೊನಜೋಲ್, ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಬರದಿರಲು ದಿನಕ್ಕೊಂದು ಕೋಟ್ರೈಮಾಕ್ಸಜೋಲ್. ಎಚ್‌ಐವಿಯ ಔಷಧವಾದ ಎಆರ್‌ಟಿಯನ್ನು ಎರಡು ವಾರ ಬಿಟ್ಟು ಆರಂಭಿಸಿದೆವು: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಒಂದೇ ಮಾತ್ರೆಯಲ್ಲಿ. ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ, ಆದ್ದರಿಂದ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಪ್ರತ್ಯೇಕವಾಗಿ ಬೇಕು. ಕಾಗದದ ಮೇಲೆ ಇದು ಒಂದು ಸಾಲು. ಬೆಳಗಿನ ಜಾವ ಎರಡಕ್ಕೆ ಒಲೆ ಹಚ್ಚಿ ಮಧ್ಯಾಹ್ನ ನಾಲ್ಕಕ್ಕೆ ಮಲಗುವವನಿಗೆ ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂದರೆ ಏನು? ಆಪ್ತಸಮಾಲೋಚಕಿ ಗಡಿಯಾರವನ್ನೇ ಬಿಟ್ಟು, ಒಲೆ ಹಚ್ಚುವಾಗ ಒಂದು, ಪಾತ್ರೆ ತೊಳೆದಾದ ಮೇಲೆ ಒಂದು ಎಂದು ಗೊತ್ತುಮಾಡಿದರು. ಮಾತ್ರೆಗಳು ಗರಂ ಮಸಾಲೆ ಡಬ್ಬಿಯ ತಳದಲ್ಲಿ ಊರೂರು ಸುತ್ತಿದವು. ಮಸಾಲೆ ಅವರ ಉಸ್ತುವಾರಿ, ಬೇರೆ ಯಾರೂ ಆ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ.

ಎಆರ್‌ಟಿ ಶುರುವಾದ ಮೂರನೇ ವಾರ ಕತ್ತಿನ ಗಂಟು ಇಳಿಯುವ ಬದಲು ಎರಡರಷ್ಟಾಯಿತು. ಮಾತ್ರೆ ತಿಂದು ರೋಗ ಜಾಸ್ತಿಯಾಯಿತು, ಇನ್ನು ಸಾಕು ಎಂದು ಡಬ್ಬಿಯ ಸಮೇತ ಬಂದು ಕೂತರು. ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು, ಒಳಗೆ ಉಳಿದ ಕ್ಷಯದ ಮೇಲೆ ತಡವಾಗಿ ಯುದ್ಧಕ್ಕಿಳಿದಾಗ ಹೀಗಾಗುತ್ತದೆ. ಐರಿಸ್ ಎಂದು ಹೆಸರು. ಮದ್ದು ಕೆಲಸ ಮಾಡುತ್ತಿರುವ ಗುರುತು ಅದು, ಮದ್ದು ನಿಲ್ಲಿಸುವ ಕಾರಣವಲ್ಲ. ಕೀವು ತೆಗೆದೆವು, ನೋವಿನ ಮಾತ್ರೆ ಕೊಟ್ಟೆವು, ಮತ್ತೆ ಸಿಬಿನ್ಯಾಟ್ ಮಾಡಿ ಔಷಧಕ್ಕೆ ಬಗ್ಗದ ಕ್ಷಯ ಇಲ್ಲವೆಂದು ನೋಡಿಕೊಂಡೆವು. ಸ್ಟೀರಾಯ್ಡ್ ಬೇಕಾಗಲಿಲ್ಲ.

ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಕಾಲಕ್ರಮದಲ್ಲಿ ಇದು ಮೊದಲೇ ಬರಬೇಕಿತ್ತು. ನಮಗೆ ನಿದ್ದೆಗೆಡಿಸಿದ್ದೂ ಇದೇ. ಆಕೆಯ ‘ತಾಯಿ ಕಾರ್ಡ್’ನಲ್ಲಿ ಮೂರನೇ ತಿಂಗಳ ಎಚ್‌ಐವಿ, ಸಿಫಿಲಿಸ್ ಎರಡೂ ‘ಇಲ್ಲ’ ಎಂದಿತ್ತು. ಆ ‘ಇಲ್ಲ’ ಮೂರನೇ ತಿಂಗಳಿನದು, ಸೋಂಕು ಆಮೇಲಿನದೂ ಇರಬಹುದು. ಗಂಡನಿಗೆ ಇಂಜೆಕ್ಷನ್ ಕೊಟ್ಟ ದಿನವೇ ಕೇಳಿದೆ. ಹೇಳಬೇಡಿ ಎಂದು ಕೈ ಮುಗಿದರು. ಎಚ್‌ಐವಿ ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ: ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ಸಂಗಾತಿಗೆ ಗಣನೀಯ ಅಪಾಯವಿದ್ದು, ಸಮಾಲೋಚನೆ ನಡೆದ ಮೇಲೂ ಆತ ತಿಳಿಸದಿದ್ದರೆ, ಆತನಿಗೆ ಮೊದಲೇ ಹೇಳಿ ಆಮೇಲೆ ತಿಳಿಸಬಹುದು. ಈ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಒಪ್ಪಿಗೆಯಿಂದ ನಡೆಯುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದಕ್ಕೆ ನಾಲ್ಕೇ ದಿನ ಮೊದಲು. ಎರಡೂ ಸುದ್ದಿ ನಮ್ಮ ಅಡುಗೆಯವರನ್ನು ತಲುಪಿರಲಿಲ್ಲ. ಪೊಲೀಸರಿಗೆ ಬರೆಯುತ್ತೀರಾ ಎಂದು ಕೇಳಿದ್ದರು.

ದಾರಿ ತೋರಿಸಿದ್ದು ನಮ್ಮ ಜೊತೆ ಕೆಲಸ ಮಾಡುವ ಸಮುದಾಯದ ಕಾರ್ಯಕರ್ತ, ತಾನೂ ಮದುವೆಯಾದ ‘ಕೋತಿ’; ಗಂಡಸರನ್ನು ಬಯಸುವ, ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು ಅದು. ಮೈಸೂರಿಗೆ ಇದು ಹೊಸದಲ್ಲ. ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್‌ಗಳು ಸೇರಿ ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಆಶೋದಯ ಸಮಿತಿ ಈ ಊರಿನದೇ. ಕಾಯಿಲೆಯವರ ಪರವಾಗಿ ಮಾತಾಡಲು ಅವರೊಳಗಿನವರೇ ಬೇಕೆಂಬುದನ್ನು ನಮ್ಮಂಥ ವೈದ್ಯರು ಕಲಿತದ್ದು ಅಂಥವರಿಂದ. ಆ ಕಾರ್ಯಕರ್ತ ಹೇಳಿದ್ದು ಸರಳ: ಏಳನೇ ತಿಂಗಳಲ್ಲಿ ಮತ್ತೊಮ್ಮೆ ರಕ್ತಪರೀಕ್ಷೆ ಬಸುರಿಯ ಹಕ್ಕು, ನಿನ್ನ ವಿಷಯ ಎತ್ತದೆಯೂ ಕರೆದುಕೊಂಡು ಬಾ. ಕರೆತಂದರು. ಆಕೆಯ ಎಚ್‌ಐವಿ ನೆಗೆಟಿವ್. ಆರ್‌ಪಿಆರ್ 1:16, ಅಂದರೆ ಸಿಫಿಲಿಸ್ ತಗುಲಿತ್ತು.

ಆಕೆಯ ರಿಪೋರ್ಟ್ ಆಕೆಯದು, ಆಕೆಗೇ ಹೇಳಿದೆ. “ಇದು ಅವರಿಂದ್ಲೇ ಬಂತಾ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ “ನನ್ನಿಂದ್ಲೇ” ಅಂದರು. ಎಚ್‌ಐವಿ ವಿಷಯ ಹೇಳಲು ಇನ್ನೂ ಒಂಬತ್ತು ದಿನ ಬೇಕಾಯಿತು, ಸಮಾಲೋಚಕಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಒಳಗೆ ಏನಾಯಿತೋ ನನಗೆ ಗೊತ್ತಿಲ್ಲ. ಹೊರಗೆ ಬಂದಾಗ ಆಕೆ ಕೇಳಿದ್ದು ಒಂದೇ, ಮುಂದಿನ ಪರೀಕ್ಷೆ ಯಾವಾಗ ಎಂದು.

ಬಸುರಿಯಲ್ಲಿ ಸಿಫಿಲಿಸ್‌ಗೆ ಪೆನ್ಸಿಲಿನ್ ಒಂದೇ ಭರವಸೆಯ ಮದ್ದು. ಅಜಿಥ್ರೊಮೈಸಿನ್ ಮಾಸು ದಾಟಿ ಮಗುವಿಗೆ ಸಾಕಷ್ಟು ತಲುಪುವುದಿಲ್ಲ, ಡಾಕ್ಸಿಸೈಕ್ಲಿನ್ ಬಸುರಿಗೆ ಕೊಡುವಂತಿಲ್ಲ. ಸೋಂಕಿನ ಕಾಲ ಖಚಿತವಿಲ್ಲದ್ದರಿಂದ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಎಂದುಕೊಂಡೆವು. ಚಳಿಜ್ವರದ ಜೊತೆ ಹೆರಿಗೆ ನೋವೂ ಶುರುವಾಗುವ ಅಪಾಯವಿದೆ, ಅದಕ್ಕೇ ಮೊದಲನೆಯದನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲಿಟ್ಟುಕೊಂಡು ಕೊಟ್ಟೆವು. ಎರಡನೆಯದನ್ನು ಊರಿನ ಹತ್ತಿರವೇ ತೆಗೆದುಕೊಳ್ಳಿ ಎಂದು ಕಳಿಸಿದೆ. ಗಂಡಹೆಂಡತಿಯ ಕಾಗದಗಳೆಲ್ಲ ಅದೇ ಬೇಕರಿ ಕವರಿನಲ್ಲಿದ್ದವು. ಅಲ್ಲಿನ ನರ್ಸ್ ಕೈಗೆ ಮೊದಲು ಸಿಕ್ಕಿದ್ದು ಕೆಂಪು ಶಾಯಿಯ ಹಾಳೆ. ಪೆನ್ಸಿಲಿನ್ ಅಲರ್ಜಿ ಇರುವ ಬಸುರಿಗೆ ಯಾರು ತಾನೇ ಸೂಜಿ ಚುಚ್ಚುತ್ತಾರೆ? ನರ್ಸ್ ವಾಪಸ್ ಕಳಿಸಿದರು, ಅವರ ಜಾಗದಲ್ಲಿದ್ದರೆ ನಾನೂ ಕಳಿಸುತ್ತಿದ್ದೆ.

ಬಸುರಿಯಲ್ಲಿ ಎರಡು ಡೋಸ್‌ಗಳ ನಡುವೆ ಒಂಬತ್ತು ದಿನಕ್ಕಿಂತ ಹೆಚ್ಚಾದರೆ ಮೊದಲಿನಿಂದ ಶುರುಮಾಡಬೇಕು. ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದು ಎಂಟನೇ ದಿನ ಸಂಜೆ. ಕೊನೆಯ ಬಸ್ಸು ಹಿಡಿದು ಅವರು ಮೈಸೂರಿಗೆ ಬಂದಾಗ ರಾತ್ರಿ ಒಂಬತ್ತೂವರೆ. ಡ್ಯೂಟಿ ಮುಗಿದಿದ್ದ ಸಿಸ್ಟರ್ ಇನ್ನೊಮ್ಮೆ ಕೈ ತೊಳೆದುಕೊಂಡರು. ಆ ರಾತ್ರಿಯೇ ಗಂಡನ ಹಾಳೆಯ ಕೆಂಪು ಸಾಲಿಗೆ ಗೀಟು ಎಳೆದು, ‘ಇದು ಅಲರ್ಜಿಯಲ್ಲ, ಚಿಕಿತ್ಸೆಯ ನಂತರದ ಜ್ವರ, ಪೆನ್ಸಿಲಿನ್ ಕೊಡಬಹುದು’ ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿದೆ. ಎರಡು ಬೇರೆ ಕವರ್ ಕೊಟ್ಟೆ. ಅಂದಿನಿಂದ ಇಂಜೆಕ್ಷನ್ ಜೊತೆ ಜ್ವರದ ಬಗ್ಗೆ ಒಂದು ಅಚ್ಚಿನ ಚೀಟಿ ಕೊಡುತ್ತೇವೆ.

ಹೆರಿಗೆ ದಿನ ತುಂಬಿ ಆಯಿತು, ಹೆಣ್ಣು ಮಗು. ಮಗುವಿನ ಆರ್‌ಪಿಆರ್ 1:2, ತಾಯಿಯದು 1:4. ತಾಯಿಯಿಂದ ಹರಿದು ಬಂದ ಪ್ರತಿಕಾಯವಷ್ಟೇ ಅದು. ತಪಾಸಣೆಯಲ್ಲಿ ಮಗು ಚೆನ್ನಾಗಿತ್ತು. ತಾಯಿಯ ಕೊನೆಯ ಡೋಸ್ ಹೆರಿಗೆಗೆ ನಾಲ್ಕು ವಾರಕ್ಕೂ ಮೊದಲೇ ಮುಗಿದಿತ್ತು. ಆದರೂ ತೂಕಕ್ಕೆ ತಕ್ಕ ಒಂದು ಪೆನ್ಸಿಲಿನ್ ಡೋಸ್ ಕೊಟ್ಟೆವು. ಹೆರಿಗೆಗೆ ಮುಂಚೆಯೂ ಮೂರು ತಿಂಗಳ ನಂತರವೂ ತಾಯಿಯ ಎಚ್‌ಐವಿ ನೆಗೆಟಿವ್.

ಗಂಡನ ಕ್ಷಯದ ಚಿಕಿತ್ಸೆ ಆರು ತಿಂಗಳಿಗೆ ಮುಗಿಯಿತು. ಹೆಚ್ಚುವರಿ ಡೊಲುಟೆಗ್ರಾವಿರ್ ಅನ್ನು ಅದಾದ ಮೇಲೂ ಎರಡು ವಾರ ಮುಂದುವರಿಸಿ ನಿಲ್ಲಿಸಿದೆವು. ರಕ್ತದಲ್ಲಿನ ಎಚ್‌ಐವಿ ಪ್ರಮಾಣ (ವೈರಲ್ ಲೋಡ್) ಪತ್ತೆಯಾಗದ ಮಟ್ಟಕ್ಕೆ ಇಳಿದಿತ್ತು. ಆರ್‌ಪಿಆರ್ 1:256ರಿಂದ ಆರು ತಿಂಗಳಿಗೆ 1:32, ವರ್ಷಕ್ಕೆ 1:8. ನಾಲ್ಕು ಪಟ್ಟು ಇಳಿದರೆ ಸಾಕು ಎನ್ನುವ ಲೆಕ್ಕದಲ್ಲಿ ಇದು ಧಾರಾಳ. ಸಿಡಿ4 268ಕ್ಕೆ ಏರಿತ್ತು. 350 ದಾಟಿ ನಿಲ್ಲುವವರೆಗೆ ಕೋಟ್ರೈಮಾಕ್ಸಜೋಲ್ ಬಿಡುವಂತಿಲ್ಲ. ತೂಕ 55. ಸಾರಿನ ರುಚಿ ಮತ್ತೆ ಅವರೇ ನೋಡುತ್ತಾರಂತೆ.

ಛತ್ರದ ರಾತ್ರಿಗಳಲ್ಲಿ ಜೊತೆಗಿದ್ದವರ ಹೆಸರು ಕೇಳಿದಾಗೆಲ್ಲ ಅವರು ಸುಮ್ಮನಾಗುತ್ತಿದ್ದರು. ಹೆಸರು ಬೇಡ, ಕರೆದುಕೊಂಡು ಬನ್ನಿ ಸಾಕು ಎಂದು ಬಿಟ್ಟಿದ್ದೆ. ಮೊನ್ನೆ ಆಷಾಢದಲ್ಲಿ, ಮದುವೆಗಳಿಲ್ಲದ ಬಿಡುವಿನಲ್ಲಿ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನನ್ನು ಹಿಂದೆ ಹಾಕಿಕೊಂಡು ಬಂದರು. ಹುಡುಗ ಬಾಗಿಲಲ್ಲೇ ನಿಂತಿದ್ದ. ಇವರು ಅವನ ಮಣಿಕಟ್ಟು ಹಿಡಿದೆಳೆದು ಅಂಗೈಯನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು.

“ನೋಡಿ ಮೇಡಂ. ಇವ್ನು ಮುದ್ದೆ ಕಟ್ಟೋನಲ್ಲ. ಬಡ್ಸೋನು.”